ಪೊರಕೆಯವರ ಮನೆಗೆ ಬಂದ ರೋಮಿನ ಹೆಸರು

ಇಟಲಿಯ ಗಡಿಯ ಟ್ರಿಯೆಸ್ತೆ ಬಂದರಿನ ಮೇಲಿನ ಕಲ್ಲುಗುಡ್ಡದಲ್ಲಿ, ಪೊಡ್ಲಿಪ ಎಂಬ ಹಳ್ಳಿಯಲ್ಲಿ, ಜೋಫ್ಕಾಳ ಮನೆಯನ್ನು ಯಾರನ್ನು ಕೇಳಿದರೂ ತೋರಿಸುತ್ತಿದ್ದರು. ಆದರೆ "ಮೆಟ್ಲರ ಮನೆ ಎಲ್ಲಿ?" ಎಂದು ಕೇಳಬೇಕಿತ್ತು. "ಮೆಟೆಲ್ಲಾರಿಯವರ ಮನೆ" ಎಂದು ಕೇಳಿದವರನ್ನು ಊರಿನವರು ಒಂದು ಕ್ಷಣ ನೋಡಿ, ಕರೆಂಟು ಬಿಲ್ಲಿನವನೋ ಪೊಲೀಸೋ ಇರಬೇಕೆಂದು ಲೆಕ್ಕ ಹಾಕಿ, ಆಮೇಲೆ ಬೆರಳು ತೋರಿಸುತ್ತಿದ್ದರು. ಸರ್ಕಾರದ ಕಾಗದದಲ್ಲಿ ಅವಳು ಸೋಫಿಯಾ ಮೆಟೆಲ್ಲಾರಿ. ಆ ಕಾಗದ ಬಿಟ್ಟರೆ ಬೇರೆಲ್ಲೂ ಅವಳು ಸೋಫಿಯಾ ಆಗಿರಲಿಲ್ಲ.

ಈ ಗುಡ್ಡದವರಾಡುವ ಸ್ಲೊವೀನ್ ಮಾತಿನಲ್ಲಿ ಮೆಟ್ಲ ಅಂದರೆ ಪೊರಕೆ. ಅವಳ ಮುತ್ತಜ್ಜನೋ ಅವನಪ್ಪನೋ ಕಾಡಿನ ಕಡ್ಡಿ ತಂದು ಪೊರಕೆ ಕಟ್ಟಿ, ಹೆಗಲ ಮೇಲೆ ಹೊತ್ತು ಬಂದರಿಗಿಳಿದು ಮಾರುತ್ತಿದ್ದ. ಅದರಿಂದ ಮೆಟ್ಲರ್, ಪೊರಕೆಯವರು. ಅದರಲ್ಲಿ ಹೆಮ್ಮೆ ಪಡುವಂಥದ್ದೂ ಇರಲಿಲ್ಲ, ನಾಚಿಕೊಳ್ಳುವಂಥದ್ದೂ ಇರಲಿಲ್ಲ. ಊರಲ್ಲಿ ಕಮ್ಮಾರರಿದ್ದರು, ಗಿರಣಿಯವರಿದ್ದರು, ಇವರು ಪೊರಕೆಯವರು.

ಜೋಫ್ಕಾಗೆ ಆರು ವರ್ಷವಿದ್ದಾಗ ಕರಿ ಅಂಗಿಯ ಫ್ಯಾಸಿಸ್ಟರ ಸರ್ಕಾರ ಈ ಗುಡ್ಡದ ಮೇಲಿನ ಹೆಸರುಗಳನ್ನೆಲ್ಲ ಇಟಲಿಯ ನಾಲಿಗೆಗೆ ಒಗ್ಗುವಂತೆ ತಿದ್ದಲು ಹೊರಟಿತು. ಹಳ್ಳಿಗಳ ಹೆಸರು ಮೊದಲು ಹೋಯಿತು, ಆಮೇಲೆ ಮನುಷ್ಯರದ್ದು. ಯಾವನೋ ಗುಮಾಸ್ತ ಮೇಜಿನ ಮುಂದೆ ಕೂತು, ಮೆಟ್ಲರ್ ಅನ್ನುವುದನ್ನು ಎರಡು ಸಲ ಬಾಯಲ್ಲಿ ಹೊರಳಿಸಿ, ಶಾಲೆಯಲ್ಲಿ ಓದಿದ ರೋಮಿನ ಸೇನಾಪತಿ ಮೆಟೆಲ್ಲಸನ ನೆನಪಾಗಿ, 'ಮೆಟೆಲ್ಲಾರಿ' ಎಂದು ಬರೆದುಬಿಟ್ಟ. ಅಲ್ಲಿಯತನಕ ಭೂಮಿಯ ಮೇಲೆ ಆ ಹೆಸರಿನ ಒಂದು ನರಪಿಳ್ಳೆಯೂ ಇರಲಿಲ್ಲ.

ಅವಳ ಚಿಕ್ಕಪ್ಪ ಮತಿಯಾ ಇದ್ದದ್ದು ಗುಡ್ಡದ ಆಚೆ ಮಗ್ಗುಲಲ್ಲಿ. ಅಲ್ಲಿಯ ಗುಮಾಸ್ತ ಬೇರೆ, ಅವನಿಗೆ ಸ್ಲೊವೀನ್ ಸ್ವಲ್ಪ ಬರುತ್ತಿತ್ತು. ಮೆಟ್ಲ ಅಂದರೆ ಪೊರಕೆ ಎಂದು ಗೊತ್ತಿದ್ದ ಆ ಪುಣ್ಯಾತ್ಮ ನೆಟ್ಟಗೆ ಇಟಾಲಿಯನ್ನಿಗೆ ತಿರುಗಿಸಿ 'ಸ್ಕೋಪಾರಿ' ಎಂದಿಟ್ಟ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಣ್ಣತಮ್ಮಂದಿರು ಹೀಗೆ ಕಾಗದದ ಮೇಲೆ ಎರಡು ಮನೆತನವಾದರು.

ಹೆಸರಿನ ಕಾಗದ ಬಂದ ವಾರದ ಭಾನುವಾರ ಅಣ್ಣತಮ್ಮಂದಿರಿಬ್ಬರೂ ಅಡುಗೆಮನೆಯ ಮೇಜಿಗೆ ಕೂತಿದ್ದರು. ಜೋಫ್ಕಾಳ ಅಪ್ಪ ಯೆರ್ನೆಯ್ ಕಲ್ಲುಗಣಿಯಲ್ಲಿ ಕೆಲಸಕ್ಕಿದ್ದವನು. ವೈನಿನ ಲೋಟ ಎತ್ತಿ ನಕ್ಕ.

"ನೋಡೋ ತಮ್ಮಾ, ನಿನಗೆ ಪೊರಕೆ, ನನಗೆ ಸೇನಾಪತಿ. ಇನ್ಮೇಲೆ ನನ್ ಮುಂದೆ ಎದ್ದು ನಿಂತ್ಕೋಬೇಕು ನೀನು."

ಮತಿಯಾ ನಗಲಿಲ್ಲ. "ನೀನು ರುಜು ಹಾಕ್ದೆಯಾ?"

"ಹಾಕ್ದೆ. ಗಣಿ ಮೇಸ್ತ್ರಿ ಹಾಕು ಅಂದ, ಹಾಕ್ದೆ. ಹಾಕ್ದೆ ಇದ್ರೆ ಸೋಮವಾರ ಬರಬೇಡ ಅಂದಿದ್ದ."

"ಅದರಲ್ಲಿ ಏನು ಬರೆದಿತ್ತು ಗೊತ್ತಾ ಅಣ್ಣಾ? 'ನನ್ನ ಸ್ವಂತ ಕೋರಿಕೆಯ ಮೇರೆಗೆ' ಅಂತ ಬರೆದಿತ್ತು. ನೀನು ಕೋರಿಕೊಂಡ್ಯಾ?"

"ಬರೆದ್ರೆ ಬರೀಲಿ ಬಿಡೋ. ಹೆಸರೇನು ಅನ್ನ ಹಾಕುತ್ತಾ?"

ಮತಿಯಾ ರುಜು ಹಾಕಲಿಲ್ಲ. ರೈಲ್ವೆಯಲ್ಲಿದ್ದ ಕೆಲಸ ಹೋಯಿತು. ಚಳಿಗಾಲಕ್ಕೆ ಮುಂಚೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಗಡಿ ದಾಟಿ ಹೋದವನು ಮತ್ತೆ ಆ ಮೇಜಿಗೆ ಬರಲಿಲ್ಲ.

ಮಾರನೆಯ ವರ್ಷ ಜೋಫ್ಕಾ ಶಾಲೆಗೆ ಸೇರಿದಳು. ಮೇಷ್ಟ್ರು ದಕ್ಷಿಣದ ಕಡೆಯವರು, ಸದಾ ಬಾಯಲ್ಲಿ ಅರ್ಧ ಆರಿದ ಚುಟ್ಟ. ಒಬ್ಬೊಬ್ಬರನ್ನೇ ನಿಲ್ಲಿಸಿ ಹೆಸರು ಕೇಳುತ್ತ ಬಂದರು. ಮನೆಯಲ್ಲಿ ಹೇಳಿಕೊಟ್ಟಿದ್ದು ಹೆದರಿಕೆಗೆ ಮರೆತುಹೋಗಿ ಹುಡುಗಿ "ಜೋಫ್ಕಾ ಮೆಟ್ಲರ್" ಅಂದಳು.

"ಏನಂದೆ?"

"ಜೋಫ್ಕಾ ಮೆಟ್ಲರ್."

ಮೇಷ್ಟ್ರು ಕೋಪ ಮಾಡಿಕೊಳ್ಳಲಿಲ್ಲ. ಹತ್ತಿರ ಬಂದು ಬಗ್ಗಿ, ಹಲ್ಲಿನ ಡಾಕ್ಟರ ಹಾಗೆ ಮೆಲ್ಲಗೆ, "ಬಾಯಿ ತೆಗಿ" ಅಂದರು. ಅವಳು ತೆಗೆದಳು. ಅವರು ಅವಳ ಬಾಯೊಳಕ್ಕೆ ಉಗುಳಿದರು. ಬೆಚ್ಚಗೆ, ಲೋಳೆಯಾಗಿ, ಚುಟ್ಟದ ಕಹಿ ತುಂಬಿಕೊಂಡು ಅದು ಅವಳ ನಾಲಿಗೆಯ ಮೇಲೆ ಕೂತಿತು. "ಈಗ ಹೇಳು" ಅಂದರು. ಹೇಳಬೇಕಾದರೆ ಬಾಯಿ ಮುಚ್ಚಬೇಕು, ಬಾಯಿ ಮುಚ್ಚಿದರೆ ಅದು ಗಂಟಲಿಗಿಳಿಯುತ್ತದೆ. ಅವಳು ಬಾಯಿ ಮುಚ್ಚಿದಳು. ಮೆಟೆಲ್ಲಾರಿ ಅಂದಳು.

ಮನೆಗೆ ಬಂದಾಗ ಅಮ್ಮ ವಿನೆಗರ್ ಹಾಕಿ ಅವಳ ಬಾಯಿ ತೊಳೆಸಿದಳು. ಅಪ್ಪ ಬಾಗಿಲಲ್ಲಿ ನಿಂತು, ಕಲ್ಲಿನ ಧೂಳು ಕೊಡವಿಕೊಳ್ಳುತ್ತ, "ಒಂದು ಹೆಸರು ಹೇಳೋಕೆ ಏನು ಕಷ್ಟ ನಿನಗೆ? ಎಲ್ಲರೂ ಹೇಳ್ತಾರಪ್ಪಾ" ಅಂದ. ಅಂದವನೇ ಯಾರಿಗಾದರೂ ಕೇಳಿಸಿತೇನೋ ಎಂದು ಬೀದಿಯ ಕಡೆ ತಿರುಗಿದ, ಅದನ್ನು ಅವಳು ನೋಡಿದಳು. ನೋಡಿಯೂ ಆ ಮಾತನ್ನು ಕ್ಷಮಿಸಲಿಲ್ಲ. ಮೇಷ್ಟ್ರ ಮೇಲೆ ಹುಟ್ಟಿದ್ದು ಹೇಸಿಗೆ, ಅದು ಉಗುಳಿದವನ ಮೇಲೆ ಯಾರಿಗಾದರೂ ಹುಟ್ಟುವಂಥದ್ದು. ಅಪ್ಪನ ಮೇಲೆ ಹುಟ್ಟಿದ್ದೂ ಹೇಸಿಗೆಯೇ. ಅದರ ಜೊತೆ ಅವಳು ಒಂದೇ ಮನೆಯಲ್ಲಿ ಉಣ್ಣಬೇಕಿತ್ತು, ಉಂಡಳು. ಆ ದಿನದಿಂದ ಯಾರು ಅವಳನ್ನು ಮೆಟೆಲ್ಲಾರಿ ಎಂದು ಕರೆದರೂ ಬಾಯಲ್ಲಿ ಚುಟ್ಟದ ಕಹಿ ಊರುತ್ತಿತ್ತು.

ಯುದ್ಧ ಬಂತು, ಮುಗಿಯಿತು. ಕರಿ ಅಂಗಿಗಳು ಪೆಟ್ಟಿಗೆ ಸೇರಿದವು, ಅವರಿಟ್ಟ ಹೆಸರುಗಳು ಸೇರಲಿಲ್ಲ. ಜೋಫ್ಕಾ ಒಮ್ಮೆ ಕೆಳಗೆ ಪಟ್ಟಣಕ್ಕೆ ಹೋಗಿ, ಹಳೆಯ ಹೆಸರು ವಾಪಸು ಬೇಕು ಎಂದು ಕೇಳಿದಳು. ಕಿಟಕಿಯ ಆ ಕಡೆಯವನು, "ನಿಮ್ಮಪ್ಪನೇ ಕೋರಿಕೊಂಡು ಬದಲಾಯಿಸಿಕೊಂಡಿದ್ದಾರಲ್ಲಮ್ಮ, ಈಗ ಯಾಕೆ ಬೇಡ ಅಂತೀರಿ?" ಎಂದು ನಿಜವಾಗಿಯೂ ಅರ್ಥವಾಗದವನ ಹಾಗೆ ಕೇಳಿದ. ಅವಳು ಕಾಗದವನ್ನು ಚೀಲಕ್ಕೆ ತುರುಕಿದಳು. ಎದ್ದು ಬಂದಳು.

ಅವಳ ತಮ್ಮ ಆಲ್ಬಿನನಿಗೆ ಹಡಗುಕಟ್ಟೆಯಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿ ಮೆಟ್ಲರ್ ಅಂದರೆ 'ಗುಡ್ಡದ ಗುಲಾಮ' ಎಂದು ಹಿಂದಿನಿಂದ ಹಂಗಿಸುತ್ತಿದ್ದರು. ಅವನು ಮೆಟೆಲ್ಲಾರಿಯಾಗಿಯೇ ಉಳಿದ, ಪಟ್ಟಣದ ಹುಡುಗಿಯನ್ನು ಮದುವೆಯಾದ, ಮಗ ಫುಲ್ವಿಯೊನಿಗೆ ಸ್ಲೊವೀನ್ ಕಲಿಸಲಿಲ್ಲ. ಜೋಫ್ಕಾ ಮದುವೆಯಾದಳು. ಇಟಲಿಯ ಕಾಗದಪತ್ರದಲ್ಲಿ ಹೆಂಗಸರ ಮನೆಹೆಸರು ಮದುವೆಯಾದರೂ ಬದಲಾಗುವುದಿಲ್ಲ, ಆ ದಾರಿಯಿಂದಲೂ ಅವಳಿಗೆ ಬಿಡುಗಡೆ ಸಿಗಲಿಲ್ಲ. ಮಕ್ಕಳಾಗಲಿಲ್ಲ. ಗಂಡ ತೀರಿಕೊಂಡ ಮೇಲೆ ಕೆಂಪು ಮಣ್ಣಿನ ದ್ರಾಕ್ಷಿ ತೋಟವನ್ನು ಒಬ್ಬಳೇ ನೋಡಿಕೊಂಡಳು. ವರ್ಷದಲ್ಲಿ ಕೆಲವು ವಾರ ಗಿರಾಕಿಗಳಿಗೆ ಗುರುತಾಗಲೆಂದು ದಾರಿಯ ತಿರುವಿನಲ್ಲಿ ಐವಿ ಬಳ್ಳಿಯ ಕೊಂಬೆ ತೂಗುಹಾಕಿ ಅಂಗಳ ತೆರೆದು, ತೆರಾನ್ ಎಂಬ ಮನೆಯ ಕೆಂಪು ವೈನು, ಒಣಗಿಸಿದ ಹಂದಿ ತೊಡೆ, ಬೇಯಿಸಿದ ಮೊಟ್ಟೆ ಬಡಿಸುತ್ತಿದ್ದಳು. ಪಕ್ಕದ ಮನೆಯ ನಾಡಾ ಕೈಜೋಡಿಸುತ್ತಿದ್ದಳು. ಪಟ್ಟಣದಿಂದ ಜನ ಹತ್ತಿ ಬರುತ್ತಿದ್ದರು. ಲೇಬಲ್ಲಿಲ್ಲ, ಬಾಟಲಿಯಿಲ್ಲ, ಹೂಜಿಯಲ್ಲಿ ವೈನು. ಚೆನ್ನಾಗಿಯೇ ನಡೆದಿತ್ತು.

ಅವಳಿಗೆ ಎಪ್ಪತ್ತೇಳಾದ ವರ್ಷ, ವಸಂತದಲ್ಲಿ, ಫುಲ್ವಿಯೊ ಒಂದು ದೊಡ್ಡ ಚೌಕಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಬಂದ. ಪಟ್ಟಣದಲ್ಲಿ ಮನೆ ಮಾರಿಸುವ ದಂಧೆ ಅವನದು. ಒಳ್ಳೆ ಮೈಕಟ್ಟು, ಒಳ್ಳೆ ಬೂಟು, ಮಾತಾಡಿದರೆ ಎದುರಿಗಿರುವವರ ಭುಜ ಹಿಡಿದುಕೊಂಡೇ ಮಾತಾಡಬೇಕು.

"ಅತ್ತೆ, ಕಣ್ಮುಚ್ಚು. ಹಾಂ, ಈಗ ತೆಗಿ."

ಚೌಕಟ್ಟಿನೊಳಗೆ ನೀಲಿ ಗುರಾಣಿ, ಗುರಾಣಿಯ ಮೇಲೆ ಚಿನ್ನದ ಬಣ್ಣದ ಆನೆ. ಕೆಳಗೆ ಲ್ಯಾಟಿನ್ನಿನಲ್ಲಿ ಏನೋ.

ನಾಡಾ ಮೊಟ್ಟೆ ಸುಲಿಯುತ್ತಿದ್ದವಳು ಕತ್ತು ಚಾಚಿ ನೋಡಿದಳು. "ಆನೆ! ಅಯ್ಯೋ, ಈ ಕಲ್ಲುಗುಡ್ಡದಲ್ಲಿ ಆನೆ ಏನ್ ತಿಂತಿತ್ತಂತೆ?"

"ರೋಮಿನ ಮೆಟೆಲ್ಲಸರ ಲಾಂಛನ ಕಣಮ್ಮ ಅದು," ಅಂದ ಫುಲ್ವಿಯೊ. "ಮನೆತನದ ಚರಿತ್ರೆ ಹುಡುಕಿ ಕೊಡೋ ಒಬ್ಬರ ಹತ್ರ ಮಾಡಿಸ್ದೆ. ಮೆಟೆಲ್ಲಸನ ದಂಡಿನ ಒಬ್ಬ ಸರದಾರ ಇಲ್ಲಿ ಜಮೀನು ಹಿಡಿದು ನಿಂತನಂತೆ. ನಮ್ಮದು ಎರಡು ಸಾವಿರ ವರ್ಷದ ಹೆಸರು ಅತ್ತೆ! ಎಷ್ಟು ಅಪರೂಪ ಗೊತ್ತಾ? ಇಡೀ ಇಟಲಿಯಲ್ಲಿ ಇರೋದೇ ಹದಿನೇಳು ಮನೆ. ಹೆಚ್ಚುಕಮ್ಮಿ ಎಲ್ಲಾ ಟ್ರಿಯೆಸ್ತೆ ಸುತ್ತಮುತ್ತ. ಒಂದು ಟೂರಿನ್‌ನಲ್ಲಿ. ಅದು ಬಿಟ್ರೆ ಒಂದು ಕುಟುಂಬ ಆಸ್ಟ್ರೇಲಿಯಾದಲ್ಲಿ."

"ಯಾಕೆ ಸುತ್ತಮುತ್ತಲೇ ಇದ್ದಾವೆ ಅಂತ ಯೋಚಿಸ್ದೆಯಾ?"

"ಶುದ್ಧ ರಕ್ತ ಅತ್ತೆ. ಬೆರಕೆ ಇಲ್ಲ."

ಜೋಫ್ಕಾ ಚೌಕಟ್ಟನ್ನು ಗೋಡೆಗೆ ಮುಖ ಮಾಡಿ ಒರಗಿಸಿದಳು. "ಲೋ, ನಿನ್ನ ತಾತ ಕಲ್ಲು ಒಡೀತಿದ್ದ. ಅವನ ತಾತ ಪೊರಕೆ ಮಾರ್ತಿದ್ದ. ಆ ಹೆಸರನ್ನ ಕಛೇರಿಯಲ್ಲಿ ಒಬ್ಬ ಬರೆದ. ನಿಮ್ಮಪ್ಪ ಹೇಳಲಿಲ್ವಾ ನಿನಗೆ?"

"ಹೇಳಿದ್ರು. ಆದ್ರೆ ಅತ್ತೆ, ಕಛೇರಿಯವರಿಗೂ ಸುಮ್‌ಸುಮ್ನೆ ಹೊಳೆಯುತ್ತಾ? ಏನೋ ಮೂಲ ಇದ್ದೇ ಇರುತ್ತೆ." ಅವಳ ಭುಜ ಹಿಡಿದುಕೊಂಡ. "ಮೇ ತಿಂಗಳಲ್ಲಿ ಎಲ್ಲಾ ಮೆಟೆಲ್ಲಾರಿಗಳನ್ನ ಸೇರಿಸ್ತಿದೀನಿ. ಇಲ್ಲೇ, ನಿನ್ನ ಅಂಗಳದಲ್ಲಿ. ಆಸ್ಟ್ರೇಲಿಯಾದವರೂ ಬರ್ತಾರೆ. ನೀನೇ ಎಲ್ಲರಿಗಿಂತ ಹಿರಿಯಳು. ಇಲ್ಲ ಅನ್ಬೇಡ."

ಇಲ್ಲ ಅನ್ನಬೇಕಿತ್ತು. ಆದರೆ ಆಲ್ಬಿನ್ ತೀರಿಕೊಂಡ ಮೇಲೆ ಇವನೊಬ್ಬನೇ ಅವಳಿಗೆ ಉಳಿದ ರಕ್ತ. ದ್ರಾಕ್ಷಿ ಕೊಯ್ಲಿಗೆ ಟ್ರ್ಯಾಕ್ಟರು ಕಳಿಸುವವನು, ಮಂಡಿ ಊದಿಕೊಂಡಾಗ ಕಾರಿನಲ್ಲಿ ಕೂರಿಸಿಕೊಂಡು ಹೋಗುವವನು. "ಮೊಟ್ಟೆ ಎಷ್ಟು ಬೇಯಿಸ್ಬೇಕು ಅಂತ ಮೊದಲೇ ಹೇಳು" ಎಂದಳು.

ಬಂದರು. ಮೇ ತಿಂಗಳ ಒಂದು ಶನಿವಾರ ಅಂಗಳದ ತುಂಬ ಮೆಟೆಲ್ಲಾರಿಗಳು. ಗಂಡಸರು, ಹೆಂಗಸರು, ತಳ್ಳುಗಾಡಿಯಲ್ಲಿ ಕೂಸು, ಎಲ್ಲರ ಎದೆಯ ಮೇಲೂ ಆನೆಯ ಬಿಲ್ಲೆ. ಹಿಪ್ಪುನೇರಳೆ ಮರದ ಕೆಳಗೆ ಒಬ್ಬರನ್ನೊಬ್ಬರು ಅಪ್ಪಿಕೊಂಡು ಮುಖ ಹುಡುಕತೊಡಗಿದರು.

"ಈ ಮೂಗು ನೋಡಿ! ನಮ್ಮಪ್ಪಂದೇ!"

"ಗದ್ದ ನೋಡ್ರಿ, ಮೆಟೆಲ್ಲಾರಿ ಗದ್ದ ಅಂದ್ರೆ ಇದು."

ಟೂರಿನ್‌ನಿಂದ ಬಂದ ಒಬ್ಬ ಹೆಂಗಸು, ಕ್ಯಾಮರಾ ಕೊರಳಿಗೆ ಹಾಕಿಕೊಂಡು, ಜೋಫ್ಕಾಳ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದು, "ರೋಮಿನ ಮುಖ! ಅಚ್ಚು ರೋಮಿನ ಮುಖ!" ಅಂದಳು. ಕೈಗೆ ಹಂದಿ ತೊಡೆಯ ಜಿಡ್ಡಿತ್ತು. ಜೋಫ್ಕಾ ಅಡುಗೆಮನೆಗೆ ಹೋಗಿ ಕೆನ್ನೆಯನ್ನು ಸೋಪು ಹಾಕಿ ತೊಳೆದುಕೊಂಡಳು.

ಹೊರಗೆ ಬಂದಾಗ ಬಾಗಿಲ ಪಕ್ಕದ ಬೆಂಚಿನ ಮೇಲೆ ಒಬ್ಬ ಮುದುಕ ಕೂತಿದ್ದ. ಆಸ್ಟ್ರೇಲಿಯಾದಿಂದ ಬಂದ ಎತ್ತೋರೆ ಮೆಟೆಲ್ಲಾರಿ. ಸುತ್ತ ನೋಡಿ, ತಗ್ಗಿದ ದನಿಯಲ್ಲಿ, ತುಕ್ಕು ಹಿಡಿದ ಸ್ಲೊವೀನಿನಲ್ಲಿ ಕೇಳಿದ: "ನಿಮ್ಮದು ಮೊದಲು ಏನಿತ್ತು?"

"ಮೆಟ್ಲರ್."

"ನಮ್ಮದು ಮೆಟೆಲ್ಕೊ. ಕೆಳಗಿನ ಕಣಿವೆ ನಮ್ಮೂರು." ಮುದುಕ ಗಂಟಲಲ್ಲೇ ನಕ್ಕ. "ಅದೇ ಗುಮಾಸ್ತ ಇರಬೇಕು. 'ಮೆಟ್' ಅಂತ ಶುರುವಾದ್ರೆ ಸಾಕು, ಒಂದೇ ಮೊಹರು ಒತ್ತಿ ಕಳಿಸಿದ್ದಾನೆ. ಆ ಮೂಲೇಲಿ ಕೂತಿರೋನ ತಾತ ಮೆಟ್ಲಿಕಾ ಅಂತ ಇದ್ದ, ನನಗೆ ಗೊತ್ತು. ಇಲ್ಲಿ ಯಾರಿಗೂ ಯಾರೂ ಏನೂ ಅಲ್ಲ."

ಜೋಫ್ಕಾಗೂ ನಗು ಬಂತು. ಬಹಳ ವರ್ಷದ ಮೇಲೆ ಆ ಹೆಸರಿನ ಬಗ್ಗೆ ಯಾರ ಜೊತೆಗಾದರೂ ನಕ್ಕಿದ್ದಳು. "ಹಾಗಾದ್ರೆ ಎದ್ದು ಹೇಳಿ ಅವರಿಗೆ."

ಎತ್ತೋರೆಯ ಮುಖ ಇಳಿಯಿತು. "ಬೇಡಮ್ಮ. ನನ್ ಮಗಳು ಮೊಮ್ಮಕ್ಕಳ ಅಂಗಿ ಮೇಲೆಲ್ಲ ಆನೆ ಅಚ್ಚು ಹಾಕ್ಸಿದ್ದಾಳೆ. ಅಲ್ಲಿ ನಾವು ಕೂಲಿಯವರಾಗಿ ಇಳಿದೋರು. ಇರ್ಲಿ ಬಿಡಿ, ಮಕ್ಕಳಿಗೆ ಏನೋ ಒಂದು." ಮಗಳು ಹತ್ತಿರ ಬಂದಳು. ಮುದುಕ ತಟ್ಟನೆ ಇಟಾಲಿಯನ್ನಿಗೆ ಹೊರಳಿ, "ಅದನ್ನೇ ಹೇಳ್ತಿದ್ದೆ, ಎಂಥಾ ಮನೆತನ!" ಅಂದ.

ಜೋಫ್ಕಾಗೆ ಬಂದ ನಗು ಅಲ್ಲೇ ಹುಳಿಯಾಯಿತು. ಅಪ್ಪನೂ ಹೀಗೇ, ಬಾಗಿಲಿಗೆ ಯಾರಾದರೂ ಬಂದರೆ ಮಾತು ಹೊರಳಿಸುತ್ತಿದ್ದ.

ಫುಲ್ವಿಯೊ ಚಮಚದಿಂದ ಲೋಟ ಬಡಿದ. ಸರದಾರನ ಕಥೆ ಹೇಳಿದ, ಆನೆಯ ಕಥೆ ಹೇಳಿದ. ಕೊನೆಗೆ, "ನಮ್ಮ ಮನೆತನದ ಹಿರಿಯಜ್ಜಿ, ಸೋಫಿಯಾ ಅತ್ತೆ, ಎರಡು ಮಾತು ಹೇಳ್ತಾರೆ" ಅಂದ. ಎಲ್ಲರೂ ತಿರುಗಿದರು. ಅವಳ ಕೈಯಲ್ಲಿ ಮೊಟ್ಟೆಯ ತಟ್ಟೆ.

ಅವಳು ಇಟಾಲಿಯನ್ನಿನಲ್ಲೇ ಹೇಳಿದಳು, ಯಾರಿಗೂ ಅರ್ಥವಾಗಲಿಲ್ಲ ಅನ್ನುವ ನೆಪ ಇರಬಾರದೆಂದು. "ನನ್ನ ಹೆಸರು ಸೋಫಿಯಾ ಅಲ್ಲ. ನಾವು ಮೆಟ್ಲರ್, ಪೊರಕೆ ಕಟ್ಟೋರು. ನೀವೂ ಏನೋ ಒಂದು ಆಗಿದ್ರಿ, ಮನೇಲಿ ಮುದುಕರು ಬದುಕಿದ್ರೆ ಕೇಳಿ. ಈ ಹೆಸರು ರೋಮಿಂದ ಬಂದಿಲ್ಲ, ಕೆಳಗಿನ ಕಛೇರಿಯಿಂದ ಬಂದಿದ್ದು. ನನಗೆ ಅದು ಹೇಗೆ ಅಂಟಿತು ಗೊತ್ತಾ? ಹಳೇ ಹೆಸರು ಹೇಳಿದ್ದಕ್ಕೆ ಮೇಷ್ಟ್ರು ನನ್ನ ಬಾಯಿ ತೆಗೆಸಿ ಒಳಗೆ ಉಗುಳಿದ್ರು. ನುಂಗಿ, ಆಮೇಲೆ ಮೆಟೆಲ್ಲಾರಿ ಅಂದೆ. ಇಷ್ಟೇ ನಿಮ್ಮ ಮನೆತನ."

ಜೋಫ್ಕಾ ಕಾದಳು. ಬೈಯುತ್ತಾರೆ, ಎದ್ದು ಹೋಗುತ್ತಾರೆ, ಒಬ್ಬರಾದರೂ ನಾಚಿಕೆಯಿಂದ ಬಿಲ್ಲೆ ಕಿತ್ತಿಡುತ್ತಾರೆ ಎಂದುಕೊಂಡಳು. ಮೊದಲು ಯಾರೋ ಒಬ್ಬರು ಮೆಲ್ಲಗೆ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ. ಟೂರಿನ್ ಹೆಂಗಸು ಕಣ್ಣೊರೆಸಿಕೊಳ್ಳುತ್ತ ಮುಂದೆ ಬಂದಳು.

"ಎಂಥಾ ಕರುಳು ಹಿಂಡೋ ಕಥೆ! ಅಮ್ಮಾ, ತಪ್ಪು ತಿಳ್ಕೋಬೇಡಿ. ಆ ಉಗುಳಿದ ಭಾಗ ಇನ್ನೊಂದ್ಸಲ ಹೇಳ್ತೀರಾ? ನನ್ನ ಕ್ಯಾಮರಾ ಆನ್ ಆಗಿರ್ಲಿಲ್ಲ."

ಜೋಫ್ಕಾ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಬಾಯಲ್ಲಿ ನೀರೂರಿತು, ವಾಂತಿಗೆ ಮುಂಚೆ ಊರುವ ನೀರು. ಅಂಗಳ ದಾಟಿ, ಮಂಡಿ ನೋವಿನ ಕಾಲೆಳೆಯುತ್ತ ದಾರಿಯ ತಿರುವಿನವರೆಗೂ ಹೋಗಿ, ಕಂಬದಿಂದ ಐವಿ ಕೊಂಬೆಯನ್ನು ಕಿತ್ತಳು. ಕೊಂಬೆ ಇಳಿಯಿತೆಂದರೆ ಅಂಗಳ ಮುಚ್ಚಿತು, ಏಳಿ ಎಂದರ್ಥ. ಹಿಂದೆಯೇ ಬಂದಿದ್ದ ನಾಲ್ಕೈದು ಜನ ಅದನ್ನು ಯಾವುದೋ ಹಳೆಯ ಶಾಸ್ತ್ರವೆಂದುಕೊಂಡು ಫೋಟೋ ತೆಗೆದರು. ಬೇಲಿಯ ಹತ್ತಿರ ಅವಳು ವಾಂತಿ ಮಾಡಿಕೊಂಡಾಗ ಮಾತ್ರ ಕ್ಯಾಮರಾ ಇಳಿಸಿದರು. ನಾಡಾ ಓಡಿಬಂದು ಅವಳ ಹಣೆ ಹಿಡಿದುಕೊಂಡು, "ಹೋಗ್ರೀ, ಹೋಗ್ರೀ, ನಿಮ್ಮಾನೆ ಕಟ್ಕೊಂಡು ಹೋಗ್ರೀ" ಎಂದು ಅವರನ್ನು ಅಟ್ಟಿದಳು.

ಬೇಸಿಗೆಯಿಡೀ ಫುಲ್ವಿಯೊ ಕಡೆಯಿಂದ ಸುದ್ದಿಯಿಲ್ಲ. ನಾಚಿಕೆಯಾಗಿರಬೇಕು ಎಂದು ಜೋಫ್ಕಾ ಅಂದುಕೊಂಡಳು, ಒಳಗೊಳಗೆ ಸ್ವಲ್ಪ ಸಮಾಧಾನವೂ ಆಯಿತು. ದ್ರಾಕ್ಷಿ ಕಪ್ಪಿಡುವ ಹೊತ್ತಿಗೆ ಬಂದ. ಮೇಜಿನ ಮೇಲೆ ಎರಡು ಖಾಲಿ ಬಾಟಲಿ ಇಟ್ಟ. ಒಂದರ ಲೇಬಲ್ಲಿನ ಮೇಲೆ ಆನೆ, ಮೆಟೆಲ್ಲಾರಿ. ಇನ್ನೊಂದು ಬೂದು ಬಣ್ಣದ ಒರಟು ಕಾಗದ. ಅದರ ಮೇಲೆ ಪುಟ್ಟ ಪೊರಕೆಯ ಚಿತ್ರ, 'ಮೆಟ್ಲರ್', ಅದರಡಿ 'ಬಾಯಿ ಮುಚ್ಚಿಸಿದ ಹೆಸರು'.

"ನಿನ್ನ ತೋಟದ ತೆರಾನು ಅತ್ತೆ, ಎರಡು ಹೆಸರಲ್ಲಿ. ಇದು," ಎಂದು ಬೂದು ಬಾಟಲಿ ಮುಟ್ಟಿದ, "ಇದು ನಿನಗೋಸ್ಕರ. ಆವತ್ತು ನೀನು ಹೇಳಿದ್ದು ನನ್ನ ಮನಸ್ಸಿಗೆ ಹೇಗೆ ನಾಟ್ತು ಅಂದ್ರೆ... ಹಿಂದುಗಡೆ ಪೂರ್ತಿ ಬರೆಸಿದೀನಿ ನೋಡು, ಶಾಲೆ, ಮೇಷ್ಟ್ರು, ಎಲ್ಲಾ. ತೋರಿಸಿದ ಕಡೆಯೆಲ್ಲ ಆನೆಗಿಂತ ಇದನ್ನೇ ಇಷ್ಟಪಟ್ರು."

ಜೋಫ್ಕಾ ಬಾಟಲಿ ತಿರುಗಿಸಿ ನೋಡಿದಳು. ಸಣ್ಣಕ್ಷರದಲ್ಲಿ ಅವಳ ಏಳು ವರ್ಷದ ಬಾಯಿ ಅಲ್ಲಿತ್ತು.

"ಆ ಮೇಷ್ಟ್ರ ಉಗುಳೂ ಒಂದೊಂದು ಚಮಚ ಹಾಕ್ತೀಯಾ ಒಳಗೆ?"

"ಅತ್ತೆ!"

"ಯಾಕೆ, ರುಚಿ ಕೆಡುತ್ತಾ?"

"ನಿನಗೆ ಏನು ಮಾಡಿದ್ರೂ ತಪ್ಪು." ಅವನಿಗೆ ನಿಜಕ್ಕೂ ನೋವಾಗಿತ್ತು, ಕಿವಿ ಕೆಂಪಾಗಿತ್ತು. "ಮುಚ್ಚಿಟ್ರೆ ಬೈತೀಯ, ಹೇಳಿದ್ರೂ ಬೈತೀಯ. ನೀನು ಹೋದ ಮೇಲೆ ಮೆಟ್ಲರ್ ಅನ್ನೋರು ಯಾರಿದ್ದಾರೆ ಹೇಳು? ಬಾಟಲಿ ಮೇಲಾದ್ರೂ ಉಳೀಲಿ ಅಂತ."

"ನೀನಿದ್ದೀಯಲ್ಲ. ಈಗ ಕಾನೂನಿದೆಯಂತೆ, ಕೇಳಿದ್ರೆ ಕೊಡ್ತಾರಂತೆ. ನೀನೇ ಆಗು ಮೆಟ್ಲರ್. ನಿನ್ನ ಮಕ್ಕಳು ಆಗ್ಲಿ."

ಫುಲ್ವಿಯೊ ನಕ್ಕುಬಿಟ್ಟ, ತಡೆಯಲಾಗಲಿಲ್ಲ ಅವನಿಗೆ. "ನಾನಾ? ಅತ್ತೆ, ನನ್ ಬೋರ್ಡು, ನನ್ ಗಿರಾಕಿಗಳು... ಮೆಟ್ಲರ್ ಅಂತ ಹೆಸರಿಟ್ಕೊಂಡು ಟ್ರಿಯೆಸ್ತೆಯಲ್ಲಿ ಮನೆ ಮಾರೋಕಾಗುತ್ತಾ?"

ಅದನ್ನು ಕೇಳಿ ಅವಳಿಗೆ ಸಿಟ್ಟು ಬರಲಿಲ್ಲ. ತಿನ್ನುತ್ತಿದ್ದ ತುತ್ತಿನಲ್ಲಿ ಕೂದಲು ಸಿಕ್ಕರೆ ಹೇಗೋ ಹಾಗಾಯಿತು. ಬಾಟಲಿಗೆ ಬೇಕು, ಮೈಗೆ ಬೇಡ. ಕರಿ ಅಂಗಿಯವರಾದರೂ ಆ ಹೆಸರು ಕಂಡರೆ ಆಗುವುದಿಲ್ಲ ಎಂದು ನೇರವಾಗಿ ಹೇಳಿದ್ದರು.

"ದ್ರಾಕ್ಷಿ ಕೊಯ್ಲು ಯಾವಾಗ ಶುರು ಮಾಡ್ಲಿ?" ಅಂದ ಅವನು, ಹೊರಡುವಾಗ.

"ಹೇಳಿ ಕಳಿಸ್ತೀನಿ."

ಹೇಳಿ ಕಳಿಸಲಿಲ್ಲ. ಆ ವಾರವೇ ನಾಡಾಳ ಮನೆಮಂದಿಯನ್ನೆಲ್ಲ ಕರೆಸಿ, ತೋಟದ ದ್ರಾಕ್ಷಿಯಿಡೀ ಕೊಯ್ಯಿಸಿ ಅವರ ವೈನು ಪೀಪಾಯಿಗೆ ಹಾಕಿಸಿದಳು. ತನಗೆ ಹೂಜಿಗೆ ಸಾಲುವಷ್ಟು ಮಾತ್ರ ಇಟ್ಟುಕೊಂಡಳು. ಫುಲ್ವಿಯೊನ ಟ್ರ್ಯಾಕ್ಟರು ಬಂದಾಗ ಬಳ್ಳಿಯಲ್ಲಿ ಎಲೆ ಬಿಟ್ಟರೆ ಏನೂ ಇರಲಿಲ್ಲ. ಅವನು ಅಂಗಳದಲ್ಲಿ ನಿಂತು ಕೂಗಾಡಿದ. ಮುದುಕಿಗೆ ತಲೆ ಕೆಟ್ಟಿದೆ, ವಿಷ ಇಟ್ಕೊಂಡಿದಾಳೆ ಹೊಟ್ಟೆಯಲ್ಲಿ, ಹಳೇದನ್ನ ನೆಕ್ಕೊಂಡು ಕೂತಿದಾಳೆ ಎಂದೆಲ್ಲ ಅಂದ. ಅವಳು ಒಳಗಿನಿಂದಲೇ ಕೇಳಿಸಿಕೊಂಡಳು. ವಿಷ ಇದ್ದದ್ದು ನಿಜ. ಅದನ್ನು ಯಾರು ಇಟ್ಟರೆಂದು ಅವನ ಲೇಬಲ್ಲಿನ ಹಿಂದೆಯೇ ಬರೆದಿತ್ತಲ್ಲ.

ಆ ಚಳಿಗಾಲಕ್ಕೆ ಮುಂಚೆ ನಾಡಾಳ ಜೊತೆ ಬಸ್ಸು ಹತ್ತಿ ಕೆಳಗಿಳಿದು, ಹೆಸರು ವಾಪಸು ಕೇಳಿದಳು. ಈ ಸಲ ಕಿಟಕಿಯಲ್ಲಿದ್ದದ್ದು ನಗುಮುಖದ ಹುಡುಗಿ. ಯಾವ ತಕರಾರೂ ಇಲ್ಲದೆ ಕೆಲವೇ ವಾರಗಳಲ್ಲಿ ಹೊಸ ಗುರುತಿನ ಚೀಟಿ ಕೈಗೆ ಬಂತು: ಜೋಫ್ಕಾ ಮೆಟ್ಲರ್. ಅಷ್ಟು ಸುಲಭವಾಗಿ ಸಿಕ್ಕಿತೆಂದೇ ಅವಳಿಗೆ ಇನ್ನಷ್ಟು ಬೇಸರವಾಯಿತು. ಒಂದು ಬದುಕಿಡೀ ಬಾಯಲ್ಲಿ ಹಿಡಿದುಕೊಂಡದ್ದನ್ನು ಆ ಹುಡುಗಿ ಅಂಚೆಚೀಟಿ ಕೊಟ್ಟ ಹಾಗೆ ಕೊಟ್ಟಳು.

ಚೀಟಿ ತರಲು ಹೋದ ದಿನ ಬಸ್ಸಿಗೆ ಇನ್ನೂ ಸಮಯವಿತ್ತು. ಕಾಫಿಪುಡಿ ಕೊಳ್ಳಲು ಅಂಗಡಿ ಹೊಕ್ಕರು. ಗಾಜಿನ ಹಿಂದೆ ಬೂದು ಲೇಬಲ್ಲಿನ ಬಾಟಲಿಗಳು ಸಾಲಾಗಿ ನಿಂತಿದ್ದವು. ದ್ರಾಕ್ಷಿ ಬೇರೆಲ್ಲಿಯದೋ, ಪೊರಕೆ ಅದೇ. ಅವಳು ನೋಡುತ್ತ ನಿಂತದ್ದು ಕಂಡು ಅಂಗಡಿಯ ಹುಡುಗಿ ಬಂದಳು.

"ಇದರ ಹಿಂದೆ ಒಂದು ಕಥೆ ಇದೆ ಗೊತ್ತಾ ಅಜ್ಜಿ? ಒಬ್ಬ ಪುಟ್ಟ ಹುಡುಗಿ ಇದ್ದಳಂತೆ—"

"ಕಾಫಿಪುಡಿ ಕೊಡಮ್ಮ," ಅಂದಳು ಜೋಫ್ಕಾ. "ಸಣ್ಣಗೆ ಪುಡಿ ಮಾಡು."

ಬಸ್ಸಿನಲ್ಲಿ ನಾಡಾ ಚೀಟಿ ಇಸಿದುಕೊಂಡು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. "ಹೆಸರೇನೋ ಚೆನ್ನಾಗಿದೆ. ಫೋಟೋದಲ್ಲಿ ಯಾಕೆ ಹಾಗೆ ಮುಖ ಮಾಡಿದೀಯೇ?"

"ತೆಗೆಯೋನು ನಗಿ ಅಂದ."

ಫುಲ್ವಿಯೊ ಕ್ರಿಸ್ಮಸ್ಸಿಗೆ ಬಂದ, ಸಿಹಿ ರೊಟ್ಟಿಯ ಡಬ್ಬಿ ಹಿಡಿದುಕೊಂಡು, ಏನೂ ಆಗಿಲ್ಲದವನ ಹಾಗೆ. ಅವಳು ಬಾಗಿಲು ಹಾಕಲಿಲ್ಲ. ಅವನ ಹೆಂಡತಿ ಮಕ್ಕಳು ಒಲೆಯ ಸುತ್ತ ಕೂತರು. ಮಾತು ಮಂಡಿ ನೋವು, ರಸ್ತೆಯ ಹಿಮ, ಪಕ್ಕದೂರಿನ ಮದುವೆ ಎಂದು ಸುತ್ತಿತು. ಹೆಸರಿನ ಸುದ್ದಿ ಯಾರೂ ಎತ್ತಲಿಲ್ಲ. ಮಕ್ಕಳು ಹೊರಗೋಡಿದ ಮೇಲೆ ಅವನು ಬಟ್ಟಲು ತಿರುಗಿಸುತ್ತ, ದನಿ ಮೆತ್ತಗೆ ಮಾಡಿಕೊಂಡು ಕೇಳಿದ.

"ಅತ್ತೆ, ಬರೋ ವರ್ಷ ದ್ರಾಕ್ಷಿ..."

"ಕಾಫಿ ಆರಿಹೋಗುತ್ತೆ, ಕುಡಿ," ಅಂದಳು ಜೋಫ್ಕಾ. "ಕುಡಿದು ಬೇಗ ಹೊರಡಿ. ಗಾಳಿ ಏಳ್ತಿದೆ."